ರಾತ್ರಿ ಎರಡಕ್ಕೆ ಕೂಗುವ ಕಾರು

ಪ್ರಶ್ನೆ: ನಮ್ಮದು 2003ರ ಝೆನ್. ನಾನು ಮೂರನೇ ಓನರ್. ಅಲಾರಂ ಸೆಟ್ ಹಿಂದಿನವರು ಹೊರಗಡೆ ಹಾಕಿಸಿದ್ದು. ಮಳೆ ಹಿಡಿದಾಗಿನಿಂದ ರಾತ್ರಿ ಎರಡು, ಎರಡೂವರೆಗೆ ತಾನಾಗಿಯೇ ಕೂಗಲು ಶುರು ಮಾಡುತ್ತದೆ. ರಿಮೋಟ್ ಒತ್ತಿದರೆ ಒಮ್ಮೆ ನಿಲ್ಲುತ್ತದೆ, ಒಮ್ಮೆ ಇಲ್ಲ. ಕೊಡೆ ಹಿಡಿದು ಗಾಡಿ ಪಕ್ಕಕ್ಕೇ ಹೋಗಬೇಕು. ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ. ಮೆಕ್ಯಾನಿಕ್ ಪೂರ್ತಿ ಸೆಟ್ ಬದಲಿಸಿ ಅನ್ನುತ್ತಾನೆ. ಬೇಕಾ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಗಾಡಿಗೆ ಬಂದಿರುವುದು ಒಂದು ಕಾಯಿಲೆ ಅಲ್ಲ, ಎರಡು. ಕೂಗುವುದು ಬೇರೆ, ರಿಮೋಟ್ ಮಾತು ಕೇಳದಿರುವುದು ಬೇರೆ. ಎರಡನ್ನೂ ಒಟ್ಟಿಗೆ ನೋಡಿದರೆ ಯಾರಿಗಾದರೂ ಹೊಸ ಸೆಟ್ಟೇ ಸುಲಭ ಅನಿಸುತ್ತದೆ.

ಮೊದಲು ರಿಮೋಟ್. ಆ ಕಾಲದ ಅಲಾರಂ ರಿಮೋಟ್‌ಗಳಲ್ಲಿ ಹೆಚ್ಚಾಗಿ ಇರುವುದು 12 ವೋಲ್ಟಿನ ಪುಟ್ಟ ಸೆಲ್, 23ಎ ಅಥವಾ 27ಎ ಅಂತ ಮೇಲೆ ಬರೆದಿರುತ್ತದೆ. ಎರಡೂ ಸುಮಾರು 28 ಮಿಲಿಮೀಟರ್ ಉದ್ದ, ಆದರೆ 27ಎ ಸ್ವಲ್ಪ ಸಣಕಲು, ಹಾಗಾಗಿ ಹಳೆಯದನ್ನೇ ಅಂಗಡಿಗೆ ಒಯ್ದು ತೋರಿಸಿ. ರಿಮೋಟಿನ ಕೆಂಪು ದೀಪ ಹತ್ತುತ್ತದೆ, ಹಾಗಾಗಿ ಸೆಲ್ ಚೆನ್ನಾಗಿದೆ ಅಂದುಕೊಳ್ಳಬೇಡಿ. ದೀಪಕ್ಕೆ ಸಾಕಾಗುವಷ್ಟು ಕರೆಂಟ್ ಗೋಡೆ ದಾಟಿ ಗಾಡಿ ಮುಟ್ಟಲು ಸಾಕಾಗುವುದಿಲ್ಲ. ಹತ್ತಿರ ಹೋದರೆ ಮಾತ್ರ ಕೆಲಸ ಮಾಡುತ್ತದೆ ಅಂದಿರಲ್ಲ, ಅದೇ ಸೆಲ್ ಸೋತಿರುವ ಗುರುತು. ಬದಲಿಸುವಾಗ ಒಳಗಿನ ಲೋಹದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿಬಿಡಿ. ಹೊಸ ಸೆಲ್ ಹಾಕಿದ ಮೇಲೂ ಗಾಡಿ ಸುಮ್ನಿದ್ದರೆ ಪಕ್ಕದಲ್ಲೇ ನಿಂತು ಎರಡು ಸಲ ಒತ್ತಿ ನೋಡಿ. ಎಷ್ಟೋ ರಿಮೋಟ್‌ಗಳು ಪ್ರತಿ ಸಲ ಹೊಸ ಕೋಡ್ ಕಳಿಸುತ್ತವೆ. ಮನೆಯೊಳಗೆ ಮಕ್ಕಳು ಆಟಕ್ಕೆ ಒತ್ತಿ ಒತ್ತಿ ರಿಮೋಟ್ ಮುಂದೆ ಹೋಗಿಬಿಟ್ಟಿರುತ್ತದೆ, ಗಾಡಿ ಹಿಂದೆ ಉಳಿದಿರುತ್ತದೆ.

ಈಗ ಕೂಗಾಟ. ಮಳೆ ಬಂದ ಮೇಲೆ ಶುರುವಾಯಿತು ಅಂದಿರಿ, ಅಲ್ಲೇ ಅರ್ಧ ಉತ್ತರ ಇದೆ. ಬಾನೆಟ್ ಎತ್ತಿ, ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಒಂದು ಕಡ್ಡಿ ಸ್ವಿಚ್ ಹಾಕಿದ್ದಾರಾ ನೋಡಿ. ಬಾನೆಟ್ ತೆರೆದಾಗ ಅದು ಮೇಲೆದ್ದು, ಅದರ ವೈರು ಬಾಡಿಗೆ ಅರ್ತ್ ಆಗುತ್ತದೆ, ಅಲಾರಂ ಕಳ್ಳ ಬಂದ ಅಂದುಕೊಳ್ಳುತ್ತದೆ. ನೀರು ಇಳಿದು ತುಕ್ಕು ಹಿಡಿದರೆ ಬಾನೆಟ್ ಮುಚ್ಚಿದ್ದರೂ ಆಗಾಗ ಅರ್ತ್ ಆಗುತ್ತಿರುತ್ತದೆ. ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ: ಸ್ವಿಚ್ಚಿನ ವೈರು ಕಳಚಿ, ತುದಿಗೆ ಟೇಪ್ ಸುತ್ತಿ, ಎರಡು ಮಳೆ ರಾತ್ರಿ ಹಾಗೇ ಬಿಡಿ. ಕೂಗಲಿಲ್ಲವಾ, ಕಳ್ಳ ಸಿಕ್ಕ. ಹೊಸ ಸ್ವಿಚ್ ಹಾಕಿಸಿ, ಕೆಲಸ ಮುಗಿಯಿತು.

ಆಗಲೂ ಕೂಗಿದರೆ ಬಾಗಿಲುಗಳ ಸ್ವಿಚ್ ನೋಡಿ. ಇದಕ್ಕೆ ಒಳಗಿನ ರೂಫ್ ಲೈಟೇ ಸಾಕ್ಷಿ. ಎಲ್ಲ ಬಾಗಿಲು ಹಾಕಿದ ಮೇಲೂ ಅದು ಮಿಣುಕುತ್ತಿದ್ದರೆ ಯಾವುದೋ ಒಂದು ಬಾಗಿಲು ಸುಳ್ಳು ಹೇಳುತ್ತಿದೆ. ಇನ್ನು ಡ್ಯಾಶ್‌ಬೋರ್ಡಿನ ಕೆಳಗೆ ಅಂಟಿಸಿದ ಶಾಕ್ ಸೆನ್ಸರ್ ಇರುತ್ತದೆ, ಬೆಂಕಿಪೊಟ್ಟಣದಂಥದ್ದು. ಅದರ ಮೇಲಿನ ಸ್ಕ್ರೂ ಸ್ವಲ್ಪವೇ ತಿರುಗಿಸಿ ಕಮ್ಮಿ ಮಾಡಿ. ಗಾಡಿ ಅಡಿಕೆ ಮರದ ಕೆಳಗೆ ನಿಲ್ಲುತ್ತಿದ್ದರೆ ಒಂದು ಸೋಗೆ ಬಿದ್ದರೂ ಸಾಕು, ಊರು ಏಳುತ್ತದೆ. ಗಾಡಿಯ ದೊಡ್ಡ ಬ್ಯಾಟರಿಯನ್ನೂ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಮಲ್ಟಿಮೀಟರಿನಲ್ಲಿ ನೋಡಿಸಿ. ಪೂರ್ತಿ ಚಾರ್ಜ್ ಇದ್ದರೆ 12.6 ವೋಲ್ಟ್ ಆಸುಪಾಸು ಇರಬೇಕು. 12ಕ್ಕಿಂತ ಕೆಳಗಿದ್ದರೆ ಅಲಾರಂ ಹುಚ್ಚಾಟ ಆಡುವುದು ಆಶ್ಚರ್ಯ ಅಲ್ಲ.

ಸಿಟ್ಟಿನಲ್ಲಿ ಸೆಟ್ಟನ್ನೇ ಕಿತ್ತು ಬಿಸಾಡಬೇಡಿ. ಹಾಕುವಾಗ ಇಗ್ನಿಷನ್ ವೈರನ್ನೋ ಪೆಟ್ರೋಲ್ ಪಂಪಿನ ವೈರನ್ನೋ ಕತ್ತರಿಸಿ ರಿಲೇ ಮೂಲಕ ಜೋಡಿಸಿರುತ್ತಾರೆ. ಆ ತುದಿಗಳನ್ನು ಮತ್ತೆ ಸೇರಿಸದೆ ಕಿತ್ತರೆ ಸದ್ದು ನಿಲ್ಲುತ್ತದೆ, ಗಾಡಿಯೂ ನಿಲ್ಲುತ್ತದೆ. ಬಿಚ್ಚಿಸುವಾಗ ವ್ಯಾಲೆ ಸ್ವಿಚ್ ಎಲ್ಲಿ ಅಡಗಿಸಿದ್ದಾರೆ ಅಂತಲೂ ಹುಡುಕಿಸಿ. ರಿಮೋಟ್ ಪೂರ್ತಿ ಸತ್ತ ದಿನ ಅಲಾರಂ ಆರಿಸಲು ಅದೊಂದೇ ದಾರಿ.

ಪ್ರಶ್ನೆ: ಇಲ್ಲಿ ಸೆಕೆಂಡ್ ಹ್ಯಾಂಡ್ 2004ರ ಫೋರ್ಡ್ ಎಕ್ಸ್‌ಪ್ಲೋರರ್ ತಗೊಂಡೆ. ಡ್ರೈವರ್ ಬಾಗಿಲ ಮೇಲೆ ನಂಬರ್ ಬಟನ್‌ಗಳಿವೆ, ಕೋಡ್ ಯಾರಿಗೂ ಗೊತ್ತಿಲ್ಲ. ರಿಮೋಟ್ ಒಂದೇ ಇದೆ. ಬೆಂಗಳೂರಿಗೆ ಬಂದಾಗ ಅಗ್ಗದ್ದೊಂದು ತಂದರೆ ಆಗುತ್ತಾ?
— ಓದುಗರೊಬ್ಬರು, ಮಿಷಿಗನ್

ಉತ್ತರ: ತರಬೇಡಿ. ಅಮೆರಿಕದ ಆ ಗಾಡಿಗಳ ರಿಮೋಟ್ 315 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ, ಇಲ್ಲಿ ಸಿಗುವವು ಹೆಚ್ಚಾಗಿ 433ರವು. ಅಲ್ಲೇ ನಿಮ್ಮ ಮಾಡೆಲ್‌ನದು ತಗೊಳ್ಳಿ. ಎಲ್ಲ ಬಾಗಿಲು ಹಾಕಿ, ಒಳಗಿನ ಸ್ವಿಚ್ಚಿನಿಂದ ಅನ್‌ಲಾಕ್ ಒತ್ತಿ, ಕೀಯನ್ನು 10 ಸೆಕೆಂಡಿನೊಳಗೆ ಆಫ್‌ನಿಂದ ಆನ್‌ಗೆ 8 ಸಲ ತಿರುಗಿಸಿ, ಕೊನೆಗೆ ಆನ್‌ನಲ್ಲೇ ಬಿಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಲಾಕ್‌ಗಳು ಒಮ್ಮೆ ಟಕ್ ಅಂದವಾ, ಆಗ ಒಂದೊಂದು ರಿಮೋಟಿನ ಯಾವುದಾದರೂ ಬಟನ್ ಒತ್ತಿ. ಹಳೆಯದನ್ನೂ ಅದೇ ಹೊತ್ತಿನಲ್ಲಿ ಒತ್ತಲೇಬೇಕು, ಯಾಕೆಂದರೆ ಹಿಂದಿನದೆಲ್ಲ ಅಳಿಸಿಹೋಗಿರುತ್ತದೆ.

ಕೋಡ್ 5 ಅಂಕಿಯದು. ಓನರ್ ಕಾರ್ಡಿನಲ್ಲಿ ಇರುತ್ತದೆ, ಅದು ಕಳೆದಿದ್ದರೆ ಗಾಡಿಯೊಳಗಿನ ಮಾಡ್ಯೂಲ್ ಮೇಲಿನ ಸ್ಟಿಕ್ಕರಿನಲ್ಲಿ. ಅದೂ ಕೈಗೆ ಎಟುಕದಿದ್ದರೆ ಗಾಡಿಯ ದಾಖಲೆ ಹಿಡಿದು ಡೀಲರ್ ಹತ್ತಿರ ಹೋಗಿ. ಸುಮ್ನೆ ಊಹೆಯ ಮೇಲೆ ಒತ್ತುತ್ತಾ ಕೂರಬೇಡಿ. 7 ಸಲ ತಪ್ಪಿದರೆ ಒಂದು ನಿಮಿಷ ಬಟನ್‌ಗಳು ಮಲಗಿಬಿಡುತ್ತವೆ. ಕೋಡ್ ಸಿಕ್ಕ ಮೇಲೆ ಅದನ್ನು ಒತ್ತಿ, 5 ಸೆಕೆಂಡಿನೊಳಗೆ 3-4ರ ಬಟನ್ ಒತ್ತಿದರೆ ಎಲ್ಲ ಬಾಗಿಲು ತೆರೆಯುತ್ತವೆ. ಕೋಡ್ ಬೇಡ, ಲಾಕ್ ಮಾಡಿದರೆ ಸಾಕು ಅನ್ನುವಾಗ 7-8 ಮತ್ತು 9-0 ಒಟ್ಟಿಗೆ ಒತ್ತಿ. ಬಟನ್‌ಗಳು ಸರಿ ಇವೆಯೋ ಇಲ್ಲವೋ ಅಂತ ಇವತ್ತೇ ನೋಡಲು ಅದೇ ಸುಲಭದ ದಾರಿ. ಕೀ ಮಾತ್ರ ಜೇಬಿನಲ್ಲಿರಲಿ.