ಮನಸ್ಸಿದ್ದರೆ ಸಾಲದು, ದಿನ ಗೊತ್ತುಮಾಡಿ

ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಸಭೆಯ ಹಿರಿಯರೊಬ್ಬರು ಹೆಂಡತಿಯನ್ನು ಕಳೆದುಕೊಂಡು ಒಂಟಿಯಾಗಿದ್ದಾರೆ. ಹೋಗಿ ನೋಡಿಬರಬೇಕೆಂದು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ, ಆಗಿಲ್ಲ. ದಿನವೂ ಅವರಿಗಾಗಿ ಪ್ರಾರ್ಥಿಸುತ್ತೇನೆ. ದೇವರು ನೋಡುವುದು ಹೃದಯವನ್ನಲ್ಲವೇ? ರಕ್ಷಣೆ ಕೃಪೆಯಿಂದಲೇ ಹೊರತು ಕ್ರಿಯೆಗಳಿಂದಲ್ಲವಲ್ಲ?"

ನಿಮ್ಮ ಸಿದ್ಧಾಂತ ಸರಿ. ಬೈಬಲಿನಲ್ಲಿ ಅಪೊಸ್ತಲ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದ 8 ಮತ್ತು 9ನೇ ವಚನಗಳು ಅದನ್ನೇ ಹೇಳುತ್ತವೆ. ಆದರೆ ಅಲ್ಲಿಗೇ ಪುಸ್ತಕ ಮುಚ್ಚಬೇಡಿ. ನಾವು ಸೃಷ್ಟಿಯಾಗಿರುವುದೇ ಸತ್ಕ್ರಿಯೆಗಳಿಗಾಗಿ ಎನ್ನುತ್ತದೆ 10ನೇ ವಚನ. ಎಷ್ಟೋ ಪ್ರಸಂಗಗಳು 9ಕ್ಕೇ ನಿಂತುಬಿಡುವುದು ನನ್ನ ಬಹುಕಾಲದ ಸಂಕಟ.

ಇಂಥ ಪ್ರಶ್ನೆ ಬಂದಾಗ ಎಲ್ಲರೂ, ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎಂದು ಬರೆದ ಯಾಕೋಬನನ್ನು ಸಾಕ್ಷಿಗೆ ಕರೆಯುತ್ತಾರೆ. ನಾನು ಕರೆಯುವುದು ಕೃಪೆಯನ್ನು ಸಾರಿದ ಪೌಲನನ್ನೇ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುವ ಕೆಲಸದಲ್ಲಿ ಕೊರಿಂಥದವರು ಎಲ್ಲರಿಗಿಂತ ಮೊದಲು ಮನಸ್ಸು ಮಾಡಿದ್ದರು. ವರ್ಷ ಉರುಳಿದರೂ ಕೆಲಸ ಮುಗಿದಿರಲಿಲ್ಲ. ಅತ್ತ ಕಡುಬಡತನದಲ್ಲಿದ್ದ ಮಕೆದೋನ್ಯದವರು ಶಕ್ತಿ ಮೀರಿ ಕೊಟ್ಟಿದ್ದರು. ಪೌಲನು ಕೊರಿಂಥದವರ ಮನಸ್ಸನ್ನು ಹಳಿಯಲಿಲ್ಲ. ಹೋದ ವರ್ಷ ಮನಸ್ಸು ಮಾಡಿದಿರಿ, ಈಗ ಅದನ್ನು ಮಾಡಿ ಮುಗಿಸಿ ಎಂದು ಬರೆದನು. ತನ್ನ ಜೊತೆಕೆಲಸಗಾರ ತೀತನ ಜೊತೆಗೆ ಇಬ್ಬರು ಸಹೋದರರನ್ನೂ ಕಳುಹಿಸಿಕೊಟ್ಟನು. ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಷ್ಟು ತೆಗೆದಿಡಲಿ ಎಂದು ಮೊದಲ ಪತ್ರಿಕೆಯಲ್ಲೇ ತಿಳಿಸಿದ್ದನು. ಎಂಥ ವ್ಯವಹಾರಜ್ಞಾನ! ಒಳ್ಳೆಯ ಮನಸ್ಸು ದಿನ ಕಳೆದಂತೆ ಆರಿಹೋಗುತ್ತದೆಂದು ಅವನಿಗೆ ಗೊತ್ತಿತ್ತು.

1785ರಲ್ಲಿ ಕೇಂಬ್ರಿಜ್‌ನಲ್ಲಿ ಗುಲಾಮಗಿರಿಯ ಬಗ್ಗೆ ಲ್ಯಾಟಿನ್ ಪ್ರಬಂಧ ಬರೆದು ಬಹುಮಾನ ಗೆದ್ದ ಥಾಮಸ್ ಕ್ಲಾರ್ಕ್‌ಸನ್, ಲಂಡನ್ನಿನ ದಾರಿಯಲ್ಲಿ ವೇಡ್ಸ್‌ಮಿಲ್ ಬಳಿ ಕುದುರೆಯಿಂದಿಳಿದು ರಸ್ತೆಯ ಬದಿಯಲ್ಲಿ ಕುಳಿತುಬಿಟ್ಟರು. ತಾನು ಬರೆದದ್ದು ನಿಜವಾದರೆ ಯಾರಾದರೂ ಈ ಅನ್ಯಾಯಕ್ಕೆ ಕೊನೆ ಕಾಣಿಸಲೇಬೇಕು ಎಂಬ ಯೋಚನೆ ಅವರನ್ನು ಬಿಡಲಿಲ್ಲ. ಆಮೇಲೆ ಬಂದರಿನಿಂದ ಬಂದರಿಗೆ ಅಲೆದು ನಾವಿಕರನ್ನು ಮಾತನಾಡಿಸಿದರು. ಕೈಕೋಳ, ಕಾಲಬೇಡಿ, ಹೆಬ್ಬೆರಳು ಹಿಚುಕುವ ತಿರುಪುಗಳನ್ನು ಅಂಗಡಿಯಲ್ಲಿ ಕೊಂಡು ತಂದು ಜನರ ಕಣ್ಣೆದುರಿಗಿಟ್ಟರು. ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ಬಹುಮಾನ ಪಡೆದು ಸುಮ್ಮನಾಗಿದ್ದರೂ ಅವರ ಹೃದಯ ಒಳ್ಳೆಯದೇ ಆಗಿರುತ್ತಿತ್ತು. ಆದರೆ ಹಡಗಿನ ತಳದಲ್ಲಿ ಸರಪಳಿ ಬಿಗಿಸಿಕೊಂಡು ಬಿದ್ದವನಿಗೆ ಅದರಿಂದ ಏನಾಗುತ್ತಿತ್ತು?

ನಿಮ್ಮ ಪ್ರಾರ್ಥನೆ ನಿಲ್ಲದಿರಲಿ. ಆದರೆ ಆ ಹಿರಿಯರಿಗೆ ಅದರ ಸುಳಿವೂ ಇಲ್ಲ. ಬಹುಶಃ ಏನು ಮಾತನಾಡುವುದೆಂಬ ಅಳುಕು ನಿಮ್ಮನ್ನು ತಡೆದಿದೆ. ಸಾವಿನ ಮನೆಯ ಮುಂದೆ ಒಳ್ಳೆಯವರೇ ಹೆಚ್ಚು ಹಿಂಜರಿಯುತ್ತಾರೆ. ಮಾತು ಬೇಕಾಗಿಲ್ಲ, ಹೋಗಿ ಜೊತೆಗೆ ಕುಳಿತುಕೊಳ್ಳಿ. ಇಂಥ ದಿನ ಇಷ್ಟು ಹೊತ್ತಿಗೆ ಬರುತ್ತೇನೆಂದು ಮೊದಲೇ ಫೋನ್ ಮಾಡಿ ಹೇಳಿಬಿಡಿ. ಒಬ್ಬರು ದಾರಿ ಕಾಯುತ್ತಿದ್ದಾರೆಂದರೆ ಮುಂದೂಡುವುದು ಸುಲಭವಲ್ಲ.

ನಿಮ್ಮೊಬ್ಬರನ್ನೇ ಏಕೆ ಅನ್ನಲಿ? ರೋಗಿಗಳ ಭೇಟಿಗೆ ಹೆಚ್ಚಿನ ಗಮನ ಕೊಡಲಾಗುವುದು ಎಂದು ನಮ್ಮ ಸಭೆಗಳು ನಿರ್ಣಯ ಮಾಡುತ್ತವೆ. ಮರುವರ್ಷವೂ ಅದೇ ವಾಕ್ಯ. ಯಾರು ಹೋಗುತ್ತಾರೆ, ಯಾವತ್ತು ಎಂದು ಕೇಳಿದವರನ್ನು ಆತ್ಮಿಕತೆ ಸಾಲದವರೆಂಬಂತೆ ನೋಡುತ್ತಾರೆ. ಯೇಸು ಹೇಳಿದ ಸಾಮ್ಯದಲ್ಲಿ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದ. ಯೇಸು ಈ ಲೆಕ್ಕವನ್ನೂ ಬಿಡದೆ ಹೇಳಿದರು. ಹಾಗಿರುವಾಗ ನಮ್ಮ ನಡಾವಳಿ ಪುಸ್ತಕದಲ್ಲಿ ನಿರ್ಣಯದ ಪಕ್ಕಕ್ಕೆ ಒಂದು ಹೆಸರು, ಒಂದು ತಾರೀಖು ಬರೆಯಲು ಏನು ಅಡ್ಡಿ?

– ಸಂಪಾದಕ