ಅಡ್ವೆಂಚರ್ ಗೇಮ್‌ನಲ್ಲಿ ಕಥೆಗೆ ಎಷ್ಟು ಜಾಗ, ಆಟಕ್ಕೆ ಎಷ್ಟು?

ನಿಮ್ಮ ಪ್ರಶ್ನೆ ಇದು: ಬೆಂಗಳೂರಿನ ಮೂವರು ಗೆಳೆಯರು ಸೇರಿ, ಎಂಬತ್ತರ ದಶಕದ ಬಸವನಗುಡಿಯ ವಠಾರದಲ್ಲಿ ನಡೆಯುವ ಪಾಯಿಂಟ್ ಅಂಡ್ ಕ್ಲಿಕ್ ಗೇಮ್ (ಪರದೆಯ ಮೇಲಿನ ವಸ್ತು, ಜನರನ್ನು ಒತ್ತುತ್ತಾ ಆಡುವಂಥದ್ದು) ಮಾಡುತ್ತಿದ್ದೀರಿ. 18 ಒಗಟು, ಎರಡು ಗಂಟೆಯೊಳಗೆ ಮುಗಿಯುತ್ತದೆ. ಆಡಿದವರೆಲ್ಲ "ಕಥೆ ಚೆನ್ನಾಗಿದೆ, ಒಗಟು ಬೋರು" ಅಂದರು. ಯಾವುದಕ್ಕೆ ಕತ್ತರಿ ಹಾಕಬೇಕು?

ಒಗಟಿಗೇ. ಆದರೆ ಒಗಟು ಜಾಸ್ತಿಯಾಗಿದೆ ಅಂತಲ್ಲ. ನಿಮ್ಮ ಒಗಟುಗಳು ಕಥೆಯ ಬಾಗಿಲಿಗೆ ಜಡಿದ ಬೀಗಗಳಾಗಿವೆ, ಕಥೆಯ ಭಾಗ ಆಗಿಲ್ಲ. ನೀವೇ ಕೊಟ್ಟ ಉದಾಹರಣೆ ನೋಡಿ: ಅಜ್ಜಿಯ ಟ್ರಂಕಿಗೆ ಮೂರಂಕಿಯ ಬೀಗ, ಅಂಕಿಗಳು ಮೂರು ಫೋಟೋಗಳ ಹಿಂದೆ. ಬೀಗ ತೆಗೆದ ಮೇಲೆ ಆಡುವವರಿಗೆ ಅಜ್ಜಿಯ ಬಗ್ಗೆ ಹೊಸದೇನು ಗೊತ್ತಾಯಿತು? ಅಷ್ಟಕ್ಕೂ ಯಾವ ಅಜ್ಜಿ ಹಾಗೆಲ್ಲ ಅಂಕಿ ಬಚ್ಚಿಡುತ್ತಾಳೆ!

ಅದೇ ಗೋಡೆಯ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಸುಮ್ಮನೆ ನೇತಾಡುತ್ತಿದೆ. ಅದರಲ್ಲಿ ಹಾಲಿನ ಲೆಕ್ಕ ಬರೆಸಿ. ದಿನವೂ 1 ಲೀಟರ್, 9ರಿಂದ 19ರವರೆಗೆ ಮಾತ್ರ ಅರ್ಧ. ಸೊಸೆ "ನಾನೂ ಮಗುವೂ ಆ ತಿಂಗಳು ಎಲ್ಲೂ ಹೋಗಿರಲಿಲ್ಲ" ಅನ್ನುತ್ತಾಳೆ. ಕ್ಯಾಲೆಂಡರ್ ಮುಂದಿಟ್ಟರೆ ಮಾತು ತಡವರಿಸುತ್ತದೆ. ಇಲ್ಲಿ ಒಗಟು ಬಿಡಿಸುವುದೇ ಕಥೆ ತಿಳಿಯುವುದು.

ಇದರಲ್ಲೊಂದು ಅಪಾಯವಿದೆ. ಸಿಕ್ಕ ವಸ್ತುವನ್ನೆಲ್ಲ ಸಿಕ್ಕವರಿಗೆಲ್ಲ ತೋರಿಸುತ್ತಾ ಹೋದರೆ ಯೋಚಿಸದೆಯೇ ಉತ್ತರ ಸಿಕ್ಕಿಬಿಡುತ್ತದೆ. 2018ರ 'ರಿಟರ್ನ್ ಆಫ್ ದಿ ಓಬ್ರಾ ಡಿನ್' ಗೇಮ್ ಇದಕ್ಕೆ ಒಳ್ಳೆಯ ದಾರಿ ತೋರಿಸಿದೆ: ಅಲ್ಲಿ 60 ಜನರ ಗತಿ ಪತ್ತೆಹಚ್ಚಬೇಕು, ಸಾಮಾನ್ಯವಾಗಿ ಮೂವರದ್ದು ಸರಿಯಾದರೆ ಮಾತ್ರ ಆಟ ಹೌದು ಅನ್ನುತ್ತದೆ. ನೀವೂ ಯಾರು ಹೋದರು, ಯಾವಾಗ, ಎಲ್ಲಿಗೆ ಎಂಬ ಮೂರನ್ನೂ ಒಟ್ಟಿಗೆ ಕೇಳಿ.

ಈಗ ಒಂದು ಶೀಟ್ ತೆರೆದು 18 ಒಗಟನ್ನೂ ಬರೆಯಿರಿ. ಪ್ರತಿಯೊಂದರ ಎದುರು ಎರಡು ಕಾಲಂ: ಆಡುವವರು ಕೈಯಾರೆ ಮಾಡುವುದೇನು, ಮಾಡಿದ ಮೇಲೆ ಹೊಸದಾಗಿ ತಿಳಿಯುವುದೇನು. ಎರಡನೆಯದು ಖಾಲಿ ಉಳಿದರೆ ಆ ಒಗಟನ್ನು ತೆಗೆಯಿರಿ, ಇಲ್ಲವೇ ಪಕ್ಕದ್ದರೊಳಗೆ ಸೇರಿಸಿ. ಒಂಬತ್ತು ಹತ್ತು ಉಳಿದರೆ ಧಾರಾಳವಾಯಿತು. ಉಳಿದವನ್ನು ಕೊನೆಯ ದೃಶ್ಯದಿಂದ ಹಿಂದಕ್ಕೆ ಬಾಣ ಎಳೆಯುತ್ತಾ ಜೋಡಿಸಿ. 'ಮಂಕಿ ಐಲ್ಯಾಂಡ್' ಗೇಮ್ ಮಾಡಿದ ರಾನ್ ಗಿಲ್ಬರ್ಟ್ ಇದನ್ನೇ ಪಜಲ್ ಡಿಪೆಂಡೆನ್ಸಿ ಚಾರ್ಟ್ ಅನ್ನುತ್ತಾರೆ, ಅಂದರೆ ಯಾವ ಒಗಟಿಗೆ ಮೊದಲು ಯಾವುದು ಬಿಡಿಸಿರಬೇಕು ಎಂಬ ನಕ್ಷೆ. ಚಿತ್ರ ಒಂದೇ ಸರಪಳಿಯ ಹಾಗೆ ಕಂಡರೆ ಕೆಟ್ಟಿತು ಅಂತಲೇ ಅರ್ಥ, ಒಂದು ಕಡೆ ಸಿಕ್ಕಿಹಾಕಿಕೊಂಡರೆ ಕಥೆಯೂ ಅಲ್ಲೇ ನಿಂತುಹೋಗುತ್ತದೆ. ಯಾವ ಹೊತ್ತಿಗೂ ಎರಡು ಮೂರು ಒಗಟು ತೆರೆದಿರಲಿ.

ಮಾತು ಒಂದು ಬಾಕ್ಸಿಗೆ ಎರಡು ಸಾಲು ಮೀರದಿರಲಿ. ನಾಲ್ಕೈದು ಬಾಕ್ಸ್ ಆದ ಮೇಲೆ ಏನಾದರೂ ಕ್ಲಿಕ್ ಮಾಡಲು ಕೊಡಿ. ಮುಖ್ಯ ಸುಳಿವು ಮಾತಿನಲ್ಲಿ ಬಂದರೆ ಡೈರಿಯಲ್ಲೂ ದಾಖಲಾಗಬೇಕು, ಏಕೆಂದರೆ ಜನ ಸ್ಕಿಪ್ ಒತ್ತೇ ಒತ್ತುತ್ತಾರೆ.

ಪರೀಕ್ಷೆಗೆ ಈವರೆಗೆ ನೋಡದ ಐದು ಜನರನ್ನು ಕೂರಿಸಿ, ಗೇಮ್ ಆಡದ ದೊಡ್ಡಮ್ಮನೂ ಒಬ್ಬರಿರಲಿ. ನೀವು ಬಾಯಿ ಬಿಡಬೇಡಿ (ಇದೇ ಕಷ್ಟ). ಐದು ನಿಮಿಷ ಒಂದೇ ಕಡೆ ನಿಂತರೆ ಬರೆದಿಟ್ಟುಕೊಂಡು ಆಮೇಲೆ ಕೇಳಿ. "ಏನು ಮಾಡಬೇಕೋ ಗೊತ್ತಾಗಲಿಲ್ಲ" ಅಂದರೆ ತಪ್ಪು ಬರವಣಿಗೆಯದು. "ಗೊತ್ತಿತ್ತು, ಎಲ್ಲಿ ಒತ್ತಬೇಕೋ ಕಾಣಲಿಲ್ಲ" ಅಂದರೆ ಚಿತ್ರದ್ದು.

ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆ ಹೆದರಿಕೆಗೇ ಒಗಟು ತುರುಕಿ ಆಟ ಉದ್ದ ಮಾಡಿದ್ದೀರೇನೋ ಅನ್ನಿಸಿತು. ಬೇಸರಗೊಂಡವರು ಮೊದಲ ಅರ್ಧ ಗಂಟೆಯಲ್ಲೇ ವಾಪಸ್ ಮಾಡುತ್ತಾರೆ, ಅದು ಇನ್ನೂ ನಷ್ಟ.

ಕೊನೆಗೊಂದು, ನೀವು ಕೇಳದ್ದು. ಸಂಭಾಷಣೆ ಟೈಪ್ ಆಗುತ್ತಾ ಬರುವ ಎಫೆಕ್ಟ್ ಹಾಕಿದ್ದೀರಲ್ಲ, ಅಲ್ಲಿ ಒತ್ತಕ್ಷರ ಒಡೆಯುತ್ತದೆ. 'ಸ್ತ್ರೀ' ನಮಗೆ ಒಂದಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯುನಿಕೋಡ್‌ಗೆ ಆರು ತುಣುಕು. ಒಂದೊಂದಾಗಿ ತೋರಿಸಿದರೆ ಅಕ್ಷರ ಪ್ರತಿ ಸಲ ಆಕಾರ ಬದಲಿಸಿ ಕುಣಿಯುತ್ತದೆ. ಗೇಮ್ ಕಟ್ಟುವ ಸಾಫ್ಟ್‌ವೇರ್ ಗೋಡೋ 4 ಬಳಸುತ್ತಿದ್ದರೆ, ಮಾತು ತೋರಿಸುವ ಲೇಬಲ್‌ನಲ್ಲಿ 'ಕ್ಯಾರೆಕ್ಟರ್ಸ್ ಆಫ್ಟರ್ ಶೇಪಿಂಗ್' (ಅಕ್ಷರದ ಆಕಾರ ಕೂಡಿದ ಮೇಲೆ ತೋರಿಸುವ) ಆಯ್ಕೆ ಹಾಕಿ ನೋಡಿ, ಅದೂ ಬೇಡವೆಂದರೆ ಪದಪದವಾಗಿ ತೋರಿಸಿ.