ಹುಡುಕಿದರೆ "ಹೂವು" ಸಿಗುತ್ತಿಲ್ಲ, "ಮಲ್ಲಿಗೆ"ಗೆ "ಮಲಿನ" ಬರುತ್ತಿದೆ: ಉತ್ತರ

ಕೈತೋಟದ ಗುಂಪಿನ ಹಳೆಯ ಸಂದೇಶಗಳನ್ನೆಲ್ಲ ಕೂಡಿಹಾಕಿ, ಪೈಥಾನ್‌ನಲ್ಲಿ ಸೈಕಿಟ್-ಲರ್ನ್ ಎಂಬ ಸಿದ್ಧ ತಂತ್ರಾಂಶ ಸಂಗ್ರಹ ಬಳಸಿ ಹುಡುಕುವ ಸಾಧನ ಮಾಡಿದ್ದೀರಿ. "ಹೂವು" ಎಂದರೆ ಒಂದು ಸಂದೇಶವೂ ಬರುವುದಿಲ್ಲ, "ಮಲ್ಲಿಗೆ" ಎಂದರೆ ಮಲಿನ ನೀರಿನ ಚರ್ಚೆ ಎದುರಾಗುತ್ತದೆ, ಇದಕ್ಕೆ ದೊಡ್ಡ ಭಾಷಾ ಮಾದರಿಯೇ ಬೇಕೇ ಎಂದು ಕೇಳಿದ್ದೀರಿ. ಬೇಡ. ನಿಮ್ಮ ಲಕ್ಷಣ ನೋಡಿದರೆ ರೋಗ ಬೇರೆ ಇದೆ. ನಾನೂ ಇದೇ ಹಳ್ಳಕ್ಕೆ ಬಿದ್ದು ಎರಡು ವಾರ ಕಳೆದವನು.

ಆ ಸಾಧನ ವಾಕ್ಯವನ್ನು ಪದಗಳಾಗಿ ಕತ್ತರಿಸುವಾಗ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗವೆಂದು ಎಣಿಸುತ್ತದೆ. ಯೂನಿಕೋಡ್‌ನಲ್ಲಿ (ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿ) ನಮ್ಮ ಕೊಂಬು, ಗುಡಿಸು, ಒತ್ತು ಕೊಡುವ ಹಲಂತ ಚಿಹ್ನೆ (್) ಇವೆಲ್ಲ "ಅಕ್ಷರ" ಅಲ್ಲ, "ಗುರುತು". ಹಾಗಾಗಿ ಗುರುತು ಬಂದಲ್ಲೆಲ್ಲ ಕತ್ತರಿ ಬೀಳುತ್ತದೆ. "ಹೂವು" ಎಂಬುದು "ಹ", "ವ" ಎಂಬ ಎರಡು ಒಂಟಿ ಅಕ್ಷರಗಳಾಗುತ್ತದೆ. ಒಂದೇ ಅಕ್ಷರದ ಪದಗಳನ್ನು ಅದು ಎಸೆಯುವುದರಿಂದ ಹೂವು ಪೂರ್ತಿ ಮಾಯ. "ಮಲ್ಲಿಗೆ"ಯಲ್ಲಿ "ಮಲ" ಮಾತ್ರ ಉಳಿಯುತ್ತದೆ, "ಮಲಿನ"ದಲ್ಲೂ "ಮಲ" ಮಾತ್ರ ಉಳಿಯುತ್ತದೆ. ಪಾಪ, ಯಂತ್ರಕ್ಕೆ ಎರಡೂ ಒಂದೇ!

ಪರಿಹಾರ ಒಂದು ಸಾಲಿನದು. ಪದ ಕತ್ತರಿಸುವ ನಿಯಮವನ್ನು ನೀವೇ ಕೊಡಿ: ಕನ್ನಡ ಬ್ಲಾಕ್‌ನ (ಯೂನಿಕೋಡ್ ಕನ್ನಡಕ್ಕೆ ಮೀಸಲಿಟ್ಟ ಸಾಲಿನ) ಎಲ್ಲ ಸಂಕೇತಗಳೂ ಪದದೊಳಗೆ ಸೇರಲಿ. ಎಸ್‌ಕ್ಯೂಲೈಟ್‌ನ (ಒಂದು ಪುಟ್ಟ ದತ್ತಸಂಚಯ ತಂತ್ರಾಂಶ) ಪಠ್ಯ ಹುಡುಕಾಟಕ್ಕೆ ಹೋದರೂ ಇದೇ ಕಥೆ. ಅಲ್ಲಿ ಪದ ಕತ್ತರಿಸುವ ಯೂನಿಕೋಡ್61 ಆಯ್ಕೆಯಲ್ಲಿ ಗುರುತುಗಳ ವರ್ಗವನ್ನೂ ಸೇರಿಸಬೇಕು. ಮೂರು ಸಂಕೇತಗಳ ತುಂಡುಗಳಾಗಿ ಸೂಚಿ (ಹುಡುಕಲು ಬಳಸುವ ಪಟ್ಟಿ) ಮಾಡುವ ಟ್ರೈಗ್ರಾಮ್ ಆಯ್ಕೆಯೂ ಇದೆ, ಆದರೆ "ಮರ" ಎಂಬಂಥ ಎರಡೇ ಸಂಕೇತಗಳ ಪದಕ್ಕೆ ಅದು ಏನನ್ನೂ ಕೊಡುವುದಿಲ್ಲ.

ಕತ್ತರಿಸುವ ಮೊದಲು ಇನ್ನೊಂದು ಕೆಲಸವಿದೆ. "ತೋಟ"ದ "ತೋ"ವನ್ನು ಕೆಲವು ಕೀಲಿಮಣೆಗಳು ಒಂದೇ ಸ್ವರಚಿಹ್ನೆಯಾಗಿ, ಕೆಲವು ಮೂರು ತುಂಡುಗಳಾಗಿ ಬರೆಯಬಹುದು. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಯಂತ್ರಕ್ಕೆ ಅವು ಬೇರೆ ಬೇರೆ. ಪೈಥಾನ್‌ನಲ್ಲೇ ಇರುವ ಯೂನಿಕೋಡ್ ಸಾಮಾನ್ಯೀಕರಣ ಎನ್‌ಎಫ್‌ಸಿ ಎಲ್ಲವನ್ನೂ ಒಂದೇ ರೂಪಕ್ಕೆ ತರುತ್ತದೆ. ಒತ್ತು ಬೀಳದಂತೆ ತಡೆಯುವ ಅದೃಶ್ಯ ಸಂಕೇತಗಳನ್ನೂ ಸೂಚಿಯ ಪ್ರತಿಯಿಂದ ತೆಗೆಯಿರಿ. ಮೂಲ ಸಂದೇಶವನ್ನು ಮಾತ್ರ ಮುಟ್ಟಬೇಡಿ.

ಈಗ ವಿಭಕ್ತಿಗಳ ಸರದಿ. ಎಲೆಯ, ಎಲೆಗೆ, ಎಲೆಗಳಲ್ಲಿ, ಎಲೆಗಳಿಂದ ಎಲ್ಲವೂ "ಎಲೆ"ಗೆ ಸೇರಬೇಕು. ಪ್ರತ್ಯಯಗಳ ಪಟ್ಟಿ ಮಾಡಿ ಉದ್ದನೆಯದನ್ನು ಮೊದಲು ಕತ್ತರಿಸಿ, "ಗಳಲ್ಲಿ" ಆದ ಮೇಲೆ "ಅಲ್ಲಿ". ಆದರೆ "ಗೆ"ಯನ್ನು ಕಣ್ಣು ಮುಚ್ಚಿ ಕತ್ತರಿಸಿದರೆ ಮಲ್ಲಿಗೆ "ಮಲ್ಲಿ"ಯಾಗುತ್ತದೆ, ಸಂಪಿಗೆ "ಸಂಪಿ"ಯಾಗುತ್ತದೆ. ಅಂಥವನ್ನು ವಿನಾಯಿತಿ ಪಟ್ಟಿಯಲ್ಲಿ ಇಡಿ. ನಿಮ್ಮದು ಗಿಡಗಳ ಲೋಕ, ಹೆಸರುಗಳು ನಿಮಗೇ ಗೊತ್ತು. "ಬೇರು" ಮತ್ತು "ಬೇರಿಗೆ"ಯ ನಡುವೆ ಉಕಾರ ಕಳಚಿಹೋಗುವುದನ್ನೂ ನೋಡಿಕೊಳ್ಳಿ.

ಕ್ರಿಯಾಪದಗಳಿಗೆ ಮಾತ್ರ ಈ ಕತ್ತರಿ ಹಾಕಬೇಡಿ. "ಸಿಂಪಡಿಸಿ" ಮತ್ತು "ಸಿಂಪಡಿಸಬೇಡಿ" ಎರಡನ್ನೂ ಒಂದೇ ಬುಡಕ್ಕೆ ಇಳಿಸಿದರೆ, ಬೇಡವೆಂದ ಸಲಹೆಯನ್ನೇ ಮಾಡಿ ಎಂದು ಓದಿಕೊಳ್ಳುವ ಅಪಾಯವಿದೆ. ಔಷಧಿಯ ವಿಷಯದಲ್ಲಿ ಇದು ತಮಾಷೆಯಲ್ಲ.

ಯಾವ ಸಂದೇಶ ಮೇಲೆ ಬರಬೇಕೆಂಬುದಕ್ಕೆ ನೀವು ಬಳಸಿರುವ ಟಿಎಫ್-ಐಡಿಎಫ್ (ಪದಗಳಿಗೆ ತೂಕ ಕೊಡುವ ಲೆಕ್ಕ) ಸಾಕು. ಅದರಲ್ಲಿ ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಡುವ ಐಡಿಎಫ್ ಎಣಿಕೆಯನ್ನು ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲೇ ಮುಂದಿಟ್ಟಿದ್ದರು. ನಿಮ್ಮ ಗುಂಪಿನಲ್ಲಿ "ಗಿಡ" ಎಂಬ ಪದ ಹೆಚ್ಚು ಕಡಿಮೆ ಎಲ್ಲ ಸಂದೇಶಗಳಲ್ಲೂ ಇರುತ್ತದೆ, ಅದಕ್ಕೆ ಬೆಲೆಯಿಲ್ಲ. "ಬಿಳಿನೊಣ"ಕ್ಕೆ ಇದೆ.

"ಎಲೆ ಹಳದಿಯಾಗಿದೆ" ಎಂದು ಹುಡುಕಿದವರಿಗೆ "ಎಲೆಯ ಹಸಿರು ಮಾಸಿದೆ" ಎಂಬುದೂ ಸಿಗಬೇಕಾದರೆ ವಾಕ್ಯದ ಅರ್ಥವನ್ನು ಅಂಕಿಗಳಾಗಿಸುವ ಬಹುಭಾಷಾ ಮಾದರಿ ಬೇಕಾಗುತ್ತದೆ. ಅದು ಆಮೇಲೆ. ಅದಕ್ಕೂ ಮೊದಲು ಸದಸ್ಯರು ನಿಜವಾಗಿ ಕೇಳಿದ ಮೂವತ್ತು ಪ್ರಶ್ನೆಗಳನ್ನು ಬರೆದು, ಪ್ರತಿಯೊಂದರ ಮುಂದೆ ಸರಿಯಾದ ಸಂದೇಶವನ್ನು ಕೈಯಿಂದ ಗುರುತಿಸಿ. ಏನು ಬದಲಿಸಿದರೂ ಆ ಮೂವತ್ತನ್ನೇ ಮತ್ತೆ ಓಡಿಸಿ ಎಣಿಸಿ. ಹಂಚುವ ಮುನ್ನ ಸಂದೇಶಗಳಲ್ಲಿರುವ ದೂರವಾಣಿ ಸಂಖ್ಯೆಗಳನ್ನು ಅಳಿಸಿಬಿಡಿ.

ಮೊದಲ ಸುತ್ತಿನಲ್ಲಿ ತಪ್ಪಿದ ಹತ್ತು ಪದಗಳನ್ನು ಇಲ್ಲಿ ಹಾಕಿ, ಯಾವ ಪ್ರತ್ಯಯ ತೊಂದರೆ ಕೊಡುತ್ತಿದೆ ನೋಡೋಣ.